ಪ್ಲೇಟಿನಲ್ಲಿದ್ದ ಗಂಡು ದನಿ

ವಾಸು ಬೆಂಗ್ರೆಯ ಮೀನುಗಾರರ ಮನೆಯವನು. ಕಡಲಿಗೆ ಹೋಗದೆ ಮಂಗಳೂರಿನ ಒಂದು ಕನ್ನಡ ವಾರಪತ್ರಿಕೆ ಸೇರಿ, ಹೊಸ ಗ್ರಾಮೊಫೋನ್ ಪ್ಲೇಟುಗಳ ಬಗ್ಗೆ, ಊರಿನ ಸಂಗೀತ ಕಾರ್ಯಕ್ರಮಗಳ ಬಗ್ಗೆ ವಿಮರ್ಶೆ ಬರೆಯುತ್ತಿದ್ದ. ಕಿವಿ ಚುರುಕು, ಬರವಣಿಗೆ ಅದಕ್ಕಿಂತ ಖಾರ. ಹಾಡುವವರಿಗೆಲ್ಲ ಅವನೆಂದರೆ ಅಳುಕು.

೧೯೫೮ರಲ್ಲಿ ದೇರೆಬೈಲಿನ ಗಾಯಕಿ ಎಸ್ತೆರ್ ಬೊಂಬಾಯಿಗೆ ಹೋಗಿ ಹಾಡಿದ ಅವಳ ಮೊದಲ ಕೊಂಕಣಿ ಪ್ಲೇಟು ಬಂತು. ವಾಸು ಮೆಚ್ಚಿ ಬರೆದ: "ಎರಡನೆಯ ಹಾಡಿಗೆ ಜೀವ ತುಂಬಿರುವುದು ಹಿಂದಿನಿಂದ ಗುನುಗುವ ಗಂಡು ದನಿ. ಆ ಗಾಯಕನ ಹೆಸರನ್ನು ಏಕೆ ಅಚ್ಚು ಹಾಕಿಲ್ಲ?"

ಪತ್ರಿಕೆ ಹೊರಬಿದ್ದ ಬೆಳಿಗ್ಗೆಯೇ ಎಸ್ತೆರ್ ಆಫೀಸಿಗೆ ಬಂದಳು.

"ನೀವು ಎಂತ ಬರೆದದ್ದು ಮಾಸ್ಟ್ರೇ? ಅಲ್ಲಿ ಹಾಡಿದ್ದು ನಾನೊಬ್ಬಳೇ. ಒಂದು ಪಿಟೀಲು, ಒಂದು ಹಾರ್ಮೋನಿಯಂ, ಅಷ್ಟೇ ಇದ್ದದ್ದು."

ವಾಸು ಪ್ಲೇಟು ಹಾಕಿದ. ಅವನಿಗೆ ಗಂಡು ದನಿ ಸ್ಪಷ್ಟವಾಗಿ ಕೇಳಿತು. ಅವಳಿಗೆ ಕೇಳಲಿಲ್ಲ, ಆಫೀಸಿನಲ್ಲಿದ್ದ ಬೇರೆ ಯಾರಿಗೂ ಕೇಳಲಿಲ್ಲ.

"ಹೇಗೆ ಉಂಟು ಅದು? ಹೇಳಿ ನೋಡುವ," ಎಂದಳು ಎಸ್ತೆರ್.

ವಾಸು ಗುನುಗಿ ತೋರಿಸಿದ. ಪ್ರತಿ ಸಾಲಿನ ಕೊನೆಗೆ ಸ್ವರ ತುಸು ಕೆಳಗೆ ಜಾರುತ್ತಿತ್ತು. ಎಸ್ತೆರ್ ನಡುವೆಯೇ ಅವನನ್ನು ತಡೆದಳು.

"ಅದು ನನ್ನ ಅಣ್ಣ, ರಾಫೆಲ್. ನಾನು ಹಾಡುವಾಗ ಹಿಂದೆ ಹೀಗೇ ಗುನುಗುವವನು. ಹೋದ ವರ್ಷ ಸುರತ್ಕಲ್‌ನಲ್ಲಿ ಕಡಲಿಗೆ ಇಳಿದವನು ಬರಲೇ ಇಲ್ಲ. ದೇಹವೂ ಸಿಕ್ಕಲಿಲ್ಲ. ಈಗ ಅಮ್ಮ ನಿಮ್ಮ ಪೇಪರ್ ಹಿಡಿದುಕೊಂಡು ಕೂತಿದ್ದಾರೆ, ಅವನು ಬೊಂಬಾಯಿಯಲ್ಲಿ ಇದ್ದಾನೆ, ನಾನು ಮುಚ್ಚಿಡ್ತಾ ಇದ್ದೇನೆ ಅಂತ."

ವಾಸು ಪ್ಲೇಟನ್ನು ತೆಗೆದು ಅದರ ಲಕೋಟೆಗೆ ಸೇರಿಸಿದ.

ಮುಂದಿನ ಭಾನುವಾರ ಸಂಜೆ ಚರ್ಚಿನ ಸಭಾಂಗಣದಲ್ಲಿ ಎಸ್ತೆರ್‌ಳ ಕಾರ್ಯಕ್ರಮ. ತಾಯಿ ಬೆನಿಟಾ ಬಾಯಿ ವಾಸುವನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

"ಅವನ ಸ್ವರ ಕೇಳಿದರೆ ನನಗೆ ಹೇಳ್ಬೇಕು ಮಗಾ."

ಪ್ಲೇಟಿನ ಆ ಎರಡನೆಯ ಹಾಡಿನ ನಡುವೆ ಎಸ್ತೆರ್ ತಟ್ಟನೆ ನಿಲ್ಲಿಸಿದಳು. ಜೊತೆಗಾರನ ಸರದಿ ಮುಗಿಯಲೆಂದು ಕಾಯುವವಳಂತೆ ಎಡಕ್ಕೆ ತಿರುಗಿ ನಿಂತಳು. ಪಿಟೀಲು ಮುಂದುವರಿಯಿತು. ಸಾಲು ಮರೆತಳೆಂದು ಜನ ಪಿಸುಗುಟ್ಟಿದರು. ವಾಸುವಿಗೆ ಮಾತ್ರ ಅದೇ ಗಂಡು ದನಿಯಲ್ಲಿ ಇಡೀ ಚರಣ ಕೇಳಿತು. ಈ ಸಲ ಗುನುಗಲ್ಲ, ತುಂಬು ಗಂಟಲು. ಸಾಲುಗಳ ನಡುವೆ ಉಸಿರೆಳೆಯುವಾಗ ಆ ಗಂಟಲಲ್ಲಿ ನೀರು ಗೊಳಗೊಳ ಎನ್ನುತ್ತಿತ್ತು. ಮುಳುಗಿದವರನ್ನು ದಡಕ್ಕೆ ಎಳೆದು ಹಾಕುವುದನ್ನು ಎಳವೆಯಲ್ಲೇ ಕಂಡವನಿಗೆ ಆ ಸದ್ದು ಗೊತ್ತಿತ್ತು.

ಬೆನಿಟಾ ಬಾಯಿ ಅವನ ಮಣಿಕಟ್ಟು ಹಿಡಿದರು. "ಕೇಳ್ತದಾ?"

"ಕೇಳ್ತದೆ."

"ಎಲ್ಲಿದ್ದಾನೆ?"

ಸುಳ್ಳಾಡಲು ನಾಲಿಗೆ ಏಳಲಿಲ್ಲ. "ನೀರಲ್ಲಿ, ಬಾಯಮ್ಮ."

ಅವರು ಅಳಲಿಲ್ಲ. ಮೆಲ್ಲಗೆ ಕೈ ಬಿಟ್ಟರು. ಚರಣ ಮುಗಿದದ್ದೇ ಎಸ್ತೆರ್ ತನ್ನ ಸಾಲನ್ನು ಎತ್ತಿಕೊಂಡಳು.

"ನನಗೆ ಎಂತದೂ ಕೇಳಲಿಲ್ಲ," ಎಂದಳು ಆಮೇಲೆ. "ಪಕ್ಕದಲ್ಲಿ ಯಾರೋ ನಿಂತ ಹಾಗೆ ಆಯ್ತು. ತಣ್ಣಗೆ ಇತ್ತು."

ಆ ವಾರವೇ ಬೆನಿಟಾ ಬಾಯಿ ಕಪ್ಪು ಸೀರೆ ಉಟ್ಟು, ಮಗನ ಆತ್ಮಕ್ಕಾಗಿ ಚರ್ಚಿನಲ್ಲಿ ಬಲಿಪೂಜೆ ಮಾಡಿಸಿದರು. ಎಸ್ತೆರ್ ಅಲ್ಲಿ ಹಾಡಿದಳು. ಹಿಂದಿನ ಬೆಂಚಿನಲ್ಲಿದ್ದ ವಾಸುವಿಗೆ ಅವಳೊಬ್ಬಳ ದನಿಯೇ ಕೇಳಿತು.

ಸಂಪಾದಕರು ಎಷ್ಟು ಕೇಳಿದರೂ ಕಾರ್ಯಕ್ರಮದ ವಿಮರ್ಶೆಯನ್ನು ಅವನು ಬರೆದುಕೊಡಲಿಲ್ಲ. ಮುಂದೆಯೂ ಹಲವು ವರ್ಷ ಅದೇ ಕೆಲಸದಲ್ಲಿದ್ದ. ಆದರೆ ಹೊಸ ಪ್ಲೇಟು ಕೇಳುವಾಗಲೆಲ್ಲ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು, "ಎಷ್ಟು ಜನ ಹಾಡ್ತಾ ಇದ್ದಾರೆ, ನೀವು ಹೇಳಿ," ಎಂದು ಮೊದಲು ಅವರನ್ನೇ ಕೇಳುತ್ತಿದ್ದ.