ಸಹಿಯ ಮೇಲಿನ ಖಾಲಿ ಜಾಗ

ಪಂಚಾಯ್ತಿ ಸಭೆ ಮುಗಿದು ಸದಸ್ಯರೆಲ್ಲ ಎದ್ದುಹೋದ ಮೇಲೆ ಗುಮಾಸ್ತ ನಡಾವಳಿ ಪುಸ್ತಕವನ್ನು ಅಧ್ಯಕ್ಷೆಯ ಮುಂದೆ ಬಿಡಿಸಿಟ್ಟ. ಮೂರು ವಿಷಯ ಬರೆದು, ಕೆಳಗೆ ನಾಲ್ಕು ಬೆರಳಷ್ಟು ಜಾಗ ಬಿಟ್ಟು, ಪುಟದ ತಳದಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದ್ದ. ಸಹಿ ಅಲ್ಲಿ.

“ಇಷ್ಟು ಜಾಗ ಯಾಕಪ್ಪಾ?”

“ಅಕ್ಷರಕ್ಕೂ ಸ್ವಲ್ಪ ಗಾಳಿ ಬೇಕಲ್ಲಕ್ಕಾ.”

ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಅವಳು. ಹನ್ನೊಂದು ವರ್ಷದ ಹಿಂದೆ ಬರೀ ಸದಸ್ಯೆಯಾಗಿ ಬಂದಾಗ ಬಾಗಿಲ ಪಕ್ಕ ಸ್ಟೂಲು ಹಾಕಿದ್ದರು. ಚಹಾದವಳೆಂದುಕೊಂಡು ಒಬ್ಬರು ಖಾಲಿ ಲೋಟವನ್ನೂ ಕೈಗಿತ್ತಿದ್ದರು. ಅವಳು ಲೋಟ ತೊಳೆದಿಟ್ಟು ಬಂದು, ಕೆರೆ ಪಕ್ಕದ ಬಯಲು ಊರ ಹೆಂಗಸರಿಗೆ ಬಟ್ಟೆ ಒಣಗಿಸಲು, ಕಾಳು ಹರವಲು ಉಳಿಯಲೇಬೇಕೆಂದು ಪಟ್ಟು ಹಿಡಿದಿದ್ದಳು. ಬಯಲು ಉಳಿದಿತ್ತು. ಈಗ ಇಟ್ಟಿಗೆ ಭಟ್ಟಿಯವನಿಗೆ ಅದರ ಮೇಲೆ ಕಣ್ಣು. ಗುಮಾಸ್ತ ಕಟ್ಟಿಸುತ್ತಿದ್ದ ಮನೆಯ ಮುಂದೆ ಹೋದ ವಾರ ಒಂದು ಲೋಡು ಇಟ್ಟಿಗೆ ಬಂದು ಬಿದ್ದಿತ್ತು.

ಅವಳು ಹೊಲಿಗೆಯವಳು. ಮಿಕ್ಕ ಬಟ್ಟೆ ಯಾರದೋ ಕೈಗೆ ಸಿಕ್ಕರೆ ಏನೇನಾಗುತ್ತದೆಂದು ಬಲ್ಲವಳು. ಚೀಲದಿಂದ ಸ್ಕೇಲು ತೆಗೆದು, ಕೊನೆಯ ಸಾಲಿಗೆ ತಾಗಿದಂತೆ ಸಹಿ ಹಾಕಿ, ಉಳಿದ ಜಾಗಕ್ಕೆ ಅಡ್ಡಡ್ಡ ಗೆರೆ ಎಳೆದಳು.

“ನನ್ನ ಮೇಲೆ ಅನುಮಾನಾನಾ, ಅಕ್ಕಾ?”

“ಛೆ, ಇಲ್ಲಪ್ಪ. ಗೆರೆ ಎಳೀದೆ ಕೈ ಸುಮ್ನಿರಲ್ಲ, ಹಳೇ ಚಾಳಿ.”

ಗುಮಾಸ್ತ ನಗಲಿಲ್ಲ.

ಮನೆಯಲ್ಲಿ ಗಂಡ ಬಾಗಿಲಲ್ಲೇ ಕಾಯುತ್ತಿದ್ದ.

“ಸಹಿ ಆಯ್ತಾ?”

“ಆಯ್ತು.”

“ಆ ಪೆನ್ಸಿಲ್ ಗುರುತಿನ ಹತ್ರಾನೇ ತಾನೆ?”

ಅವಳು ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು. ಗುರುತಿನ ಮಾತನ್ನು ಅವಳು ಯಾರಲ್ಲೂ ಆಡಿರಲಿಲ್ಲ. ಗಂಡ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದ.

“ನನ್ನ ಮೊಹರು ಕೊಡಿ,” ಎಂದಳು.

“ಈಗ್ಯಾಕೆ? ಎರಡು ವರ್ಷದಿಂದ ನಾನೇ ಹೊತ್ಕೊಂಡು ತಿರುಗ್ತಿಲ್ವಾ?”

“ಅದಕ್ಕೇರೀ. ಸುಸ್ತಾಗಿರುತ್ತೆ.”

ಜೇಬಿನಿಂದ ಬಂದ ಮೊಹರಿನ ಮುಖಕ್ಕೆ ಹೆಬ್ಬೆರಳು ಸವರಿದಳು. ಬೆರಳು ನೇರಳೆಯಾಯಿತು; ಶಾಯಿ ಇನ್ನೂ ಹಸಿ. ಇವತ್ತು ಅದು ಸಭೆಗೇ ಬಂದಿರಲಿಲ್ಲ.

“ಎಲ್ಲಿ ಒತ್ತಿದ್ರಿ? ಆ ಕಾಗದ ತನ್ನಿ.”

“ನಿನಗೆ ಎಲ್ಲದರಲ್ಲೂ ಹುಳುಕೇ ಕಾಣುತ್ತೆ,” ಎನ್ನುತ್ತ ಗಂಡ ಒಳಗೆ ಹೋದ.

ಅವಳು ಹೊಲಿಗೆ ಮಷಿನಿನ ಮುಂದೆ ಕೂತಳು. ಅಭ್ಯಾಸಬಲದಿಂದ ಪೆಡಲಿನ ಮೇಲೆ ಹೋದ ಕಾಲನ್ನು ತಡೆದಳು. ಒಳಗೆ ಕಾಗದ ಹರಿದರೆ ಆ ಸದ್ದು ಕೇಳಬೇಕಲ್ಲ.

ಹರಿಯಲಿಲ್ಲ. ತುಸು ಹೊತ್ತಿಗೆ ಗಂಡ ತಂದು ಮಷಿನಿನ ಮೇಲಿಟ್ಟು, ಮುಖ ತಿರುಗಿಸಿ ನಿಂತ. ಬಯಲು ಬೇಕೆಂದು ಭಟ್ಟಿಯವನು ಬರೆದ ಅರ್ಜಿ. ‘ಸಭೆ ಒಪ್ಪಿದೆ’ ಎಂಬ ಸಾಲು ಗುಮಾಸ್ತನ ಕೈಬರಹ. ಅದರ ಕೆಳಗೆ ಅವಳದೇ ಮೊಹರು.

“ಊರಿಗೆ ಒಳ್ಳೇದಾಗ್ಲಿ ಅಂತ...”

“ಊರನ್ನೇ ಕೇಳೋಣ. ನಾಳೆ ಊರ ಸಭೆ ಕರೆದು ಇದನ್ನ ಓದ್ತೀನಿ.”

ಕಾಗದವನ್ನೂ ಮೊಹರನ್ನೂ ಮಷಿನಿನ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದಳು. ಕೀಲಿ ಎಲ್ಲಿಡಲಿ ಎಂದು ಮನೆಯ ಮೂಲೆ ಮೂಲೆಯನ್ನೂ ನೋಡಿದಳು. ಕೊನೆಗೆ ಮುಷ್ಟಿಯಲ್ಲೇ ಹಿಡಿದುಕೊಂಡು ಕೂತಳು.