ಒಂದೇ ಸರದಿಗೆ ಮಚ್ಚು, ಮಂತ್ರ

ದಾಳ ಇನ್ನೂ ಉರುಳುತ್ತಿದೆ, ಟೀ ಲೋಟಕ್ಕೆ ತಾಗಿ ಗಿರಗಿರ ತಿರುಗುತ್ತಿದೆ, ಇಪ್ಪತ್ತು ಮುಖದಲ್ಲಿ ಯಾವುದಕ್ಕೂ ನಿಲ್ಲಲೊಲ್ಲದು, ಹಾಳಾದ್ದು ನಿಲ್ಲಬಾರದೇ — ರಕ್ಷಾ ಉಸಿರು ಬಿಗಿಹಿಡಿದಳು, ಕಿಟಕಿಯಿಂದ ಮಧುಗಿರಿ ಬೆಟ್ಟದ ಕಾವು ಬೆನ್ನಿಗೆ ಹೊಡೆಯುತ್ತಿದೆ, ರಂಗೇಶನ ಜೆರಾಕ್ಸ್ ಅಂಗಡಿಯ ಮೇಲಿನ ಈ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಕೂತರೆ ಬೇಯಬೇಕೆಂದು ಗೊತ್ತಿದ್ದೂ ಬರುತ್ತಾಳೆ, ಮಾತಿನಲ್ಲೇ ಅಡವಿ ಕಟ್ಟಿ ಯುದ್ಧ ಹೂಡಿ, ಸಾವು ಬದುಕನ್ನು ದಾಳಕ್ಕೆ ಬಿಡುವ ಈ ಆಟಕ್ಕೆ, ಬರದೆ ಏನು ಮಾಡಿಯಾಳು, ಅಣ್ಣ ಅವಳೊಡನೆ ಮಾತಾಡುವುದು ಇಲ್ಲಿ ಮಾತ್ರ. ಮನೆಯಲ್ಲಿ ಅಣ್ಣ ಭೀಮರಾಜು ಮಾತು ಬಿಟ್ಟು ಎಂಟು ತಿಂಗಳಾಯಿತು, ಅವ್ವಾ, ಗೇಟಿಗೆ ಚಿಲ್ಕ ಹಾಕ್ಕಳಾಕೆ ಹೇಳವ್ವ ಅವ್ಳಿಗೆ, ಎರಡು ಮಾರು ದೂರದಲ್ಲಿ ನಿಂತವಳಿಗೆ ಅವ್ವನ ಕೈಲಿ ಹೇಳಿಸುವುದು, ಎಂಥ ಶಿಕ್ಷೆಯಪ್ಪ, ಅವನೇ ನೋಡಿದ ಕೊರಟಗೆರೆಯ ಗಂಡು, ಅವನೇ ಹಾಸಿದ ಜಮಖಾನ, ಅದರ ಮೇಲೆ ಕೂತ ಹತ್ತು ಜನರೆದುರು ಇವಳು, ಈ ಗಂಡು ನಂಗೆ ಬ್ಯಾಡ, ಅಂದುಬಿಟ್ಟಳು — ಒಳಗೆ ಕರೆದು ಹೇಳಬಹುದಿತ್ತಲ್ಲ, ಹೇಳಬಹುದಿತ್ತು, ಹೇಳಲಿಲ್ಲ, ಅವನ ಮುಖ ಹೇಗೆ ಕಪ್ಪಿಟ್ಟಿತು. ಆಟದಲ್ಲಿ ಅವನು ಭರ್ಜಿಯ ಕದಿರಯ್ಯ, ಇವಳು ಅವನ ತಂಗಿ ಗಿರಿಯಮ್ಮ, ಆ ದಿನಕ್ಕೂ ಮುಂಚೆ ಬರೆದುಕೊಂಡ ಪಾತ್ರಗಳು, ಕದಿರಯ್ಯ ಗಿರಿಯಮ್ಮನಿಗೆ ನನ್ ಹಿಂದೆ ನಿಂತ್ಕ ಕಣಮ್ಮ ಅನ್ನುತ್ತಾನೆ, ಅಷ್ಟೇ ಅನ್ನುತ್ತಾನೆ, ಇವಳಿಗೆ ಅದು ಒಂದು ವಾರಕ್ಕೆ ಸಾಕು. ಈಗ ಕದಿರಯ್ಯ ಕಲ್ಲುಭೂತದ ಕಾಲಡಿ ಬಿದ್ದಿದ್ದಾನೆ, ಗಿರಿಯಮ್ಮ ಭೂತಕ್ಕೆ ಮಚ್ಚು ಬೀಸಿದ್ದಾಳೆ, ಆ ಏಟಿಗೇ ಈ ದಾಳ. ಇವ್ನು ಸತ್ರೆ ನಾನಿನ್ ಬರಾಕಿಲ್ಲ ಕಣ್ಲಾ, ಹೊಸ ಪಾತ್ರ ಗೀತ್ರ ಬ್ಯಾಡ ನಂಗೆ, ಅಂತ ಭೀಮರಾಜು ರಂಗೇಶನಿಗೆ ಹೇಳಿಬಿಟ್ಟಿದ್ದಾನೆ, ಅವನ ಹಾಳೆಯಲ್ಲಿ ಕದಿರಯ್ಯ ಎಂಬ ಹೆಸರಿನ ಮೇಲೆ ಪೆನ್ಸಿಲ್ ಮೊನೆ, ಹೊಡೆದುಹಾಕಲು ಕಾದು ನಿಂತಿದೆ.

ಹದಿನೇಳು, ಬಿತ್ತು ಏಟು, ಲೇ ರಕ್ಷಾ, ಭೂತ ನಾಕೆಜ್ಜೆ ಹಿಂದಕ್ಕೋಯ್ತು, ಮಂತ್ರ ಹಾಕ್ತೀಯೋ ಸರ್ದಿ ಮುಗಿಸ್ತೀಯೋ — ಆಟ ನಡೆಸುವ ರಂಗೇಶನಿಗೆ ನಿಯಮದ ಮುಂದೆ ಸ್ನೇಹಿತರೂ ಇಲ್ಲ ನೆಂಟರೂ ಇಲ್ಲ. ಬೇರೆಯವರಿಗೆ ಒಂದು ಸರದಿಗೆ ಆಯುಧ ಇಲ್ಲವೇ ಮಂತ್ರ, ಗಿರಿಯಮ್ಮ ಆರನೇ ಲೆವೆಲ್ ದಾಟಿದವಳು, ಒಂದು ಏಟಿನ ಬೆನ್ನಿಗೇ ಒಂದು ಸಣ್ಣ ಮಂತ್ರ ಹಾಕಬಹುದು, ಬರೀ ಎಬ್ಬಿಸುವ ಮಂತ್ರ ಹಾಕಿದ್ದರೆ ಎದ್ದವನನ್ನು ಭೂತ ಮತ್ತೆ ತುಳಿಯುತ್ತಿತ್ತು, ಬರೀ ಹೊಡೆದರೆ ಬಿದ್ದವನು ಈ ಸುತ್ತಿಗೇ ಸಾಯುತ್ತಾನೆ, ಎರಡೂ ಬೇಕು, ಆದರೆ ಮಂತ್ರಕ್ಕೆ ಬರಿಗೈ ಬೇಕು, ಒಂದು ಕೈಲಿ ಗುರಾಣಿ, ಇನ್ನೊಂದರಲ್ಲಿ ಮಚ್ಚು — ಮಚ್ಚು ಬಿಸಾಕ್ತೀನಿ, ಅಂದಳು, ಆಮ್ಯಾಕೆ ಭೂತ ಬಂದ್ರೆ ಬರಿಗೈಯಾಗೆ ನಿಂತಿರ್ತೀಯ, ಅಂದ ರಂಗೇಶ, ಗೊತ್ತು ಕಣೋ, ಬಿಸಾಕಿದೆ. ಸರಿ, ಕರಿ ಮತ್ತೆ. ಈ ಕರೆಯುವ ಮಂತ್ರ ಇವರೇ ಮಾಡಿಕೊಂಡ ನಿಯಮ, ಭೀಮರಾಜುವೇ ಸೇರಿಸಿದ್ದು, ಚಿಕ್ಕಂದಿನಲ್ಲಿ ಬುಕ್ಕಾಪಟ್ಟಣದ ಕುರುಚಲಿನಲ್ಲಿ ಕುರಿ ಕಾಯುವಾಗ ಅಣ್ಣ ತಂಗಿ ಒಬ್ಬರನ್ನೊಬ್ಬರು ಕೂಗಿ ಹುಡುಕುತ್ತಿದ್ದ ಹಾಗೆ, ಬಿದ್ದವನನ್ನು ಹೆಸರು ಹಿಡಿದು, ಸಂಬಂಧ ಕಟ್ಟಿ, ಒಂದೇ ಸಲ ಕೂಗಬೇಕು, ಅವನು ಓ ಅನ್ನಬೇಕು, ಆಗಲೇ ಗಾಯ ಮಾಯುವುದು. ಕದಿರಣ್ಣ, ಅಷ್ಟೇ, ಏನು ಕಷ್ಟ, ಅಣ್ಣ ಅನ್ನುವ ಮಾತು ಎಂಟು ತಿಂಗಳಿಂದ ಬಾಯಿಗೆ ಬಂದಿಲ್ಲ, ಆಟದಲ್ಲೂ ಬರೀ ಹೂಂ ಅನ್ನುತ್ತಿದ್ದಳು, ಕದಿರಯ್ಯ ಈವರೆಗೆ ಬಿದ್ದಿರಲಿಲ್ಲ, ಕೂಗುವ ಪ್ರಸಂಗ ಬಂದಿರಲಿಲ್ಲ, ಪೆನ್ಸಿಲ್ ಮೊನೆ ಹಾಳೆಯತ್ತ ಇಳಿಯುತ್ತಿದೆ, ರಂಗೇಶ ಬೆರಳು ಮಡಚುತ್ತಿದ್ದಾನೆ, ಒಂದು, ಎರಡು — ಭೀಮಣ್ಣಾ!

ಏನಂದೆ, ಅಯ್ಯೋ, ಏನಂದುಬಿಟ್ಟೆ. ಭೀಮಣ್ಣ ಅನ್ನೋನು ಇಲ್ ಯಾರೂ ಬಿದ್ದಿಲ್ಲ ಕಣಮ್ಮ, ಹೆಸ್ರು ತಪ್ತು, ಮಂತ್ರ ಹೋಯ್ತು, ಅಂದ ರಂಗೇಶ, ಇನ್ನೊಂದ್ ಸಲ ಕರೀತೀನಿ ಕಣೋ, ಅಂದಳು, ಇಲ್ಲ, ಒಂದೇ ಸಲ, ಭೀಮ, ಹೊಡ್ದಾಕು ಹೆಸ್ರ. ಕೊಂದೆ, ನಾನೇ ಕೊಂದೆ, ಮುಂದಿನ ಭಾನುವಾರ ಆ ಕುರ್ಚಿ ಖಾಲಿ, ಮನೆಯಲ್ಲಿ ಮತ್ತೆ ಅವ್ವನ ಬಾಯಿಂದಲೇ ಎಲ್ಲ, ಅವನ ಮುಖ ನೋಡಲಾರಳು, ಪೆನ್ಸಿಲ್ ಮೊನೆಯನ್ನೇ ನೋಡುತ್ತಾಳೆ, ಅದು ಹಾಳೆಗೆ ತಾಗಿತು, ಕ ಮೇಲೆ ಗೀಟು ಎಳೆಯಿತು, ದಿ ಮೇಲೆ ಎಳೆಯಿತು, ರ ಹತ್ತಿರ ಬಂದು ನಿಂತಿತು — ಓ, ಅಂದ ಭೀಮರಾಜು, ತಲೆ ಎತ್ತದೆ, ಏನ್ ರಕ್ಷೀ, ಅಂದ — ಪೆನ್ಸಿಲ್ ಮೊನೆ, ಅರ್ಧ ಹೆಸರಿಗೆ ನಿಂತ ಪೆನ್ಸಿಲ್ ಮೊನೆ.