ನಾಲ್ಕು ಬೆರಳಿನ ಚೂರಿ

ಮೂರನೆಯ ಡ್ರಾಯರ್ ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಝುಬೈರ್ ಮೇಜಿಗೆ ಕಾಲು ಒತ್ತಿ ಎಳೆದ. ಒಳಗೆ ಸಾಣೆಕಲ್ಲು, ಅರಗಳು, ಒಂದು ಕಾಲು ಮುರಿದ ಕನ್ನಡಕ. ಬೇಕಾಗಿದ್ದ, ಅಣ್ಣನ ಪಾಸ್‌ಪೋರ್ಟ್ ಮಾತ್ರ ಇರಲಿಲ್ಲ.

"ಅದಿಲ್ಲದೆ ದಫನ್‌ಗೆ ಪರ್ಮಿಶನ್ ಕೊಡುವುದಿಲ್ಲ ಅಂತೆ," ಎಂದ ಶಾಫಿ. ಹನ್ನೆರಡು ವರ್ಷದಿಂದ ಈ ಅಂಗಡಿಯಲ್ಲಿ ಕೆಲಸಕ್ಕಿದ್ದವನು ಅವನು. ಬೆಳಗಿನ ನಮಾಝಿಗೆ ಎಬ್ಬಿಸಲು ಹೋಗಿ, ಹಿಂದಿನ ಕೋಣೆಯಲ್ಲಿ ಯಜಮಾನ ಮೂಸಬ್ಬನ ಮೈ ತಣ್ಣಗಾಗಿದ್ದನ್ನು ಕಂಡವನೂ ಅವನೇ. "ಆ ತಗಡಿನ ಡಬ್ಬದಲ್ಲಿ ನೋಡಿ ಝುಬೈರಾಕ. ಸಂಜೆಯ ಅಸರ್ ನಮಾಝಿಗೆ ಮೊದಲು ಕಾಗದಪತ್ರ ಎಲ್ಲ ಆಗಬೇಕು."

ಮಸ್ಕತ್‌ನ ಅಲ್ ಮಬೇಲಾದ ವರ್ಕ್‌ಶಾಪುಗಳ ಸಾಲಿನಲ್ಲಿ ಮೂಸಬ್ಬ ಇಪ್ಪತ್ತೆಂಟು ವರ್ಷ ಚೂರಿ ಮಾರಿದ್ದ. ಅವನ ತಮ್ಮ ಝುಬೈರ್ ಇರುವುದು ಅಲ್ ಹೈಲ್‌ನಲ್ಲಿ, ಕಾರಿನಲ್ಲಿ ಹದಿನೈದು ನಿಮಿಷ. ಆ ಹದಿನೈದು ನಿಮಿಷದ ದಾರಿಗೆ ಅವನು ಆರು ವರ್ಷ ತೆಗೆದುಕೊಂಡಿದ್ದ.

ಪಾಸ್‌ಪೋರ್ಟ್ ಡಬ್ಬದಲ್ಲೇ ಇತ್ತು. ಅದರ ಕೆಳಗೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ಸಣ್ಣದೊಂದು ಚೂರಿ. ಬಟ್ಟೆ ಬಿಚ್ಚುವ ಮೊದಲೇ, ಅಳತೆಯಿಂದಲೇ, ಅದು ಯಾವುದೆಂದು ಝುಬೈರನಿಗೆ ಗೊತ್ತಾಯಿತು.

* * *

ಆರು ವರ್ಷದ ಹಿಂದೆ ಝುಬೈರನ ಕಫೀಲ್, ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡಿದ್ದ ಧಣಿ, ಪರ್ಮಿಟ್ ಮಾಡಿಸಿಕೊಂಡು ಬೇಟೆಗೆಂದು ತಾಂಜಾನಿಯಕ್ಕೆ ಹೊರಟಿದ್ದ. ಅಡುಗೆಗೂ, ಹೊಡೆದ ಪ್ರಾಣಿಯನ್ನು ಅಲ್ಲೇ ಸುಲಿದು ಹಸನು ಮಾಡುವುದಕ್ಕೂ ಝುಬೈರನೇ ಆಗಬೇಕು. ಚೂರಿ ಆರಿಸಲು ಇಬ್ಬರೂ ಈ ಅಂಗಡಿಗೆ ಬಂದರು.

ಮೂಸಬ್ಬನದು ವಿಚಿತ್ರ ವ್ಯಾಪಾರ. ಗಿರಾಕಿ ಬೆರಳು ತೋರಿಸಿದ ಚೂರಿಯನ್ನು ಅವನು ತೆಗೆದುಕೊಟ್ಟವನೇ ಅಲ್ಲ. ಮೊದಲು "ಕೈ ಕೊಡಿ" ಎನ್ನುತ್ತಿದ್ದ. ಬಳೆಗಾರನಂತೆ ಅಂಗೈ ಒತ್ತಿ ನೋಡಿ, ಆಮೇಲೆ ಯಾವ ಪ್ರಾಣಿ, ಸುಲಿಯಲಿಕ್ಕೋ ಮೂಳೆ ಕಡಿಯಲಿಕ್ಕೋ ಎಂದು ವಿಚಾರಣೆ ನಡೆಸುತ್ತಿದ್ದ. ಬೇಸತ್ತು ಎದ್ದು ಹೋದವರೂ ಇದ್ದರು.

ಝುಬೈರ್ ಗಾಜಿನ ಪೆಟ್ಟಿಗೆಯಲ್ಲಿದ್ದ ಮೊಳದುದ್ದದ, ಬೆನ್ನಿಗೆ ಗರಗಸದ ಹಲ್ಲಿದ್ದ ಚೂರಿಯನ್ನು ತೋರಿಸಿದ.

"ಅದೆಂತಕ್ಕೆ? ಯುದ್ಧ ಉಂಟಾ?" ಎಂದ ಮೂಸಬ್ಬ. ಕಿತ್ತಳೆ ಹಿಡಿಯ, ನಾಲ್ಕು ಬೆರಳಗಲದಷ್ಟೇ ಅಲಗಿದ್ದ ಚೂರಿಯೊಂದನ್ನು ಮೇಜಿನ ಮೇಲಿಟ್ಟ. "ಅಲಗು ಉದ್ದ ಆದ್ರೆ ತುದಿ ಎಲ್ಲಿ ಉಂಟು ಅಂತ ಕೈಗೆ ಗೊತ್ತಾಗುವುದಿಲ್ಲ. ಕರುಳು ತೂತಾದ್ರೆ ಮಾಂಸ ಖಲಾಸ್. ಇದು ಹುಲ್ಲಲ್ಲಿ ಬಿದ್ರೂ ಬಣ್ಣ ಕಾಣ್ತದೆ. ಇಲ್ಲಿ ನೋಡು, ಬೆರಳಿಗೆ ತಡೆ ಉಂಟು. ಕೊಬ್ಬು ತಾಗಿ ಕೈ ಜಾರಿದ್ರೂ ಅಲಗಿಗೆ ಹೋಗುವುದಿಲ್ಲ."

ಅಷ್ಟಕ್ಕೇ ಬಿಡಲಿಲ್ಲ. ಒಂದು ಗೋಣಿಚೀಲ ತಂದು ಹಾಸಿ ಪಾಠ ಶುರುಮಾಡಿದ. "ಎಡಗೈಯ ಎರಡು ಬೆರಳಲ್ಲಿ ಚರ್ಮ ಎತ್ತು. ಅಲಗಿನ ಬಾಯಿ ಮೇಲಕ್ಕೆ. ಬೆರಳ ಸಂದಿನಲ್ಲೇ ಎಳಿ. ಒಳಗಿನದ್ದಕ್ಕೆ ತಾಗಬಾರದು. ಎಲ್ಲಿ, ಮಾಡಿ ತೋರಿಸು."

ಕಫೀಲ್ ಮುಸಿಮುಸಿ ನಗುತ್ತಿದ್ದ. ಮೀಸೆ ಹಣ್ಣಾಗತೊಡಗಿದ ವಯಸ್ಸಿನಲ್ಲಿ ಧಣಿಯ ಎದುರು ಪಾಠ ಒಪ್ಪಿಸುವುದು ಝುಬೈರನಿಗೆ ಅವಮಾನವೆನಿಸಿತು. "ಇದರಲ್ಲಿ ನೀರುಳ್ಳಿ ಕೊಯ್ಯಬಹುದು ಕಾಕ," ಎಂದು ಅಣ್ಣನಿಗೆ ಅಂದವನೇ ಎದ್ದುಹೋಗಿ, ಬೇರೆ ಅಂಗಡಿಯಿಂದ ಗರಗಸದ ಹಲ್ಲಿನದನ್ನೇ ಕೊಂಡ.

ಬೇಟೆಯ ಮೂರನೆಯ ದಿನ ಹುಲ್ಲೆಯೊಂದನ್ನು ಸುಲಿಯುವಾಗ ಹಿಡಿ ಜಾರಿತು. ಅವನ ಬಲಗೈ ಸೀದಾ ಅಲಗಿನ ಮೇಲೆ ಹೋಗಿ ಕೊನೆಯ ಎರಡು ಬೆರಳುಗಳ ನರಗಳು ತುಂಡಾದವು. ಮರಳಿದವನನ್ನು ಕರೆದೊಯ್ಯಲು ಮಸ್ಕತ್‌ನ ಏರ್‌ಪೋರ್ಟಿಗೆ ಬಂದಿದ್ದ ಮೂಸಬ್ಬ ಬ್ಯಾಂಡೇಜನ್ನು ನೋಡಿದ. ನೋವುಂಟಾ ಎಂದು ಕೇಳಲಿಲ್ಲ.

"ನಾನು ಹೇಳಿದ್ದೆ," ಎಂದ.

ಎರಡೇ ಪದ. ಝುಬೈರ್ ಅವನನ್ನು ದಾಟಿ ಹೋಗಿ ಟ್ಯಾಕ್ಸಿ ಹತ್ತಿದ.

* * *

ಎಣ್ಣೆಬಟ್ಟೆಯೊಳಗಿನ ಚೂರಿ ಅದೇ, ಆದರೆ ಹಿಡಿ ಅದಲ್ಲ. ಕಿತ್ತಳೆ ಪ್ಲಾಸ್ಟಿಕ್ಕನ್ನು ಅರ್ಧ ಉಜ್ಜಿ ತೆಗೆದು ಮರ ಕೂರಿಸಲಾಗಿತ್ತು. ಮರದ ಒಂದು ಬದಿಯಲ್ಲಿ ಉದ್ದಕ್ಕೆ ಎರಡು ಹಳ್ಳ.

ಬಾಗಿಲಲ್ಲಿ ಹಮೂದ್ ನಿಂತಿದ್ದ. ಅಂಗಡಿಯ ಹಳೆಯ ಒಮಾನಿ ಗಿರಾಕಿ. ಸುದ್ದಿ ಕೇಳಿ ಬಂದಿದ್ದ. "ಅದನ್ನು ನಾನು ಮೂರು ಸಲ ಕೇಳಿದ್ದೆ," ಎಂದ ತನ್ನ ಹರಕು ಹಿಂದಿಯಲ್ಲಿ. "ಕೊಡಲಿಲ್ಲ. ಇದಕ್ಕೆ ಮಾಲೀಕ ಇದ್ದಾನೆ, ಹಿಡಿ ಇನ್ನೂ ತಯಾರಾಗಿಲ್ಲ ಅಂತಿದ್ದ."

ಝುಬೈರ್ ಬಲಗೈಯಲ್ಲಿ ಹಿಡಿದು ನೋಡಿದ. ಮೂರು ಬೆರಳು ಸುತ್ತ ಕೂತವು. ಮಡಚಲಾಗದ ಎರಡೂ ಬೆರಳುಗಳು ನೆಟ್ಟಗೆ ಹಳ್ಳದೊಳಗೆ ಇಳಿದವು.

"ನನ್ನ ಕೈಯ ಅಳತೆ ಅವನಿಗೆ ಎಲ್ಲಿ ಸಿಕ್ಕಿತು?"

ಶಾಫಿ ಕಣ್ಣೊರೆಸಿಕೊಂಡ. "ಶುಕ್ರವಾರ ಜುಮಾಕ್ಕೆ ನಿಮ್ಮ ಮಸೀದಿಗೇ ಬರ್ತಿದ್ರಲ್ಲ, ನಿಮ್ಮ ಹಿಂದಿನ ಸಾಲಿಗೆ. ನಮಾಝಿನಲ್ಲಿ ಅತ್ತಹಿಯ್ಯಾತ್‌ಗೆ ಕೂತಾಗ ಎಲ್ಲರ ಬಲಗೈ ಬೆರಳೂ ತೊಡೆಯ ಮೇಲೆ ಮಡಚಿರ್ತದೆ. ನಿಮ್ಮದು ಎರಡು ಮಡಚುವುದಿಲ್ಲ. ಅದನ್ನು ನೋಡಿ ಬಂದು ಸಂಜೆವರೆಗೂ ಹಿಡಿ ಉಜ್ಜುತ್ತಾ ಕೂತ್ಕೊಳ್ತಿದ್ರು. ಯಲ್ಲಾ, ಕೊಟ್ಟು ಬರುವ ಅಂತ ನಾನು ಎಷ್ಟು ಸಲ ಹೇಳಿದೆ! 'ಬಾಯಿಂದ ಒಮ್ಮೆ ತಪ್ಪಾಯ್ತು ಶಾಫಿ, ಇನ್ನು ಕೈಯಿಂದ ಆಗ್ಬಾರ್ದು' ಅಂತಿದ್ರು."

ಅಣ್ಣ ಹಿಂದಿನ ಸಾಲಿನಲ್ಲಿರುತ್ತಾನೆಂಬುದು ಝುಬೈರನಿಗೆ ಗೊತ್ತಿತ್ತು. ಪ್ರತಿ ಶುಕ್ರವಾರ ನಮಾಝ್ ಮುಗಿಸುವಾಗ ಅವನು ಬಲಕ್ಕೆ ತಿರುಗಿ ಸಲಾಂ ಹೇಳಿದ್ದ, ಎಡಕ್ಕೆ ತಿರುಗಿ ಹೇಳಿದ್ದ. ಹಿಂದಕ್ಕೆ ಒಮ್ಮೆಯೂ ತಿರುಗಿರಲಿಲ್ಲ. ಅಣ್ಣನೇ ಮೊದಲು ಮಾತಾಡಲಿ ಎಂಬ ಹಠಕ್ಕೆ ಆರು ವರ್ಷ ಹಾಳುಮಾಡಿದೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಅಸಹ್ಯ ಬಂತು.

ಫೋನ್ ಹೊಡೆದುಕೊಂಡಿತು. ಊರು ಫರಂಗಿಪೇಟೆಯಿಂದ ಅತ್ತಿಗೆ ಆಯಿಶತ್. ಅತ್ತು ಅತ್ತು ದನಿ ಬಿದ್ದುಹೋಗಿತ್ತು.

"ಮುಖ ನೋಡ್ಲಿಕ್ಕೆ ನನಗಂತೂ ಆಗಲಿಲ್ಲ. ಕಬರಿಗೆ ಇಳಿಸಿ ಬಟ್ಟೆಯ ಕಟ್ಟು ಬಿಚ್ಚುವಾಗ ನಿನ್ನ ಕೈಯೇ ಆಗಬೇಕು ಝುಬೈರ್. ಬೇರೆಯವರಿಗೆ ಬಿಡ್ಬೇಡ. ಅವರು ನಿನ್ನ ಹೆಸರು ಹೇಳದ ದಿನ ಇರಲಿಲ್ಲ."

"ನಾನೇ ಬಿಚ್ತೇನೆ," ಎಂದ. ಈ ಕೈಯಿಂದ ಷರ್ಟಿನ ಗುಂಡಿ ಹಾಕಿಕೊಳ್ಳುವುದೇ ಅವನಿಗೆ ಕಷ್ಟವಾಗುತ್ತಿತ್ತು. ಹೊರಡುವಾಗ ಚೂರಿಯನ್ನು ಡಬ್ಬದಲ್ಲಿ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಅಂಗಡಿಯ ಚರ್ಮದ ಒರೆಯೊಂದಕ್ಕೆ ಹಾಕಿ ಜೇಬಿನಲ್ಲಿಟ್ಟುಕೊಂಡ.

* * *

ಅಸರ್ ನಮಾಝ್ ಮುಗಿದರೂ ಖಬರಸ್ತಾನದ ಮಣ್ಣು ಕಾದೇ ಇತ್ತು. ಹಮೂದ್ ಮತ್ತು ಝುಬೈರ್ ಕಬರಿನೊಳಗೆ ಇಳಿದು ಮಯ್ಯಿತ್ತನ್ನು ಬಲಮಗ್ಗುಲಾಗಿ ಮಲಗಿಸಿದರು. ಬಿಳಿಬಟ್ಟೆಗೆ ತಲೆಯ ಹತ್ತಿರ, ಸೊಂಟದಲ್ಲಿ, ಕಾಲಿನ ಹತ್ತಿರ ಮೂರು ಪಟ್ಟಿ ಕಟ್ಟಿದ್ದರು. ಮಣ್ಣು ಹಾಕುವ ಮೊದಲು ಅವನ್ನು ಬಿಚ್ಚಬೇಕು.

ಝುಬೈರ್ ತಲೆಯ ಗಂಟಿಗೆ ಕೈಹಾಕಿದ. ಉಗುರು ಒಳಗೆ ಹೋಗಲಿಲ್ಲ. ಎರಡನೆಯ ಸಲವೂ ಬೆರಳು ಜಾರಿತು.

ಮೇಲಿನಿಂದ ಶಾಫಿ ಹಣೆ ಚಚ್ಚಿಕೊಂಡ. "ಯಾ ಅಲ್ಲಾಹ್! ನಾನು ಪಾರ್ಸೆಲ್ ಗಂಟು ಹಾಕಿಬಿಟ್ಟೆ ಝುಬೈರಾಕ! ಸಡಿಲ ಕಟ್ಟಬೇಕಿತ್ತು. ಚೂರಿ ಪ್ಯಾಕ್ ಮಾಡಿ ಮಾಡಿ ಕೈಗೆ ಅದೇ ಅಭ್ಯಾಸ. ಅದು ಬಿಚ್ಚಲಿಕ್ಕೆ ಬರುವುದಿಲ್ಲ, ಕೊಯ್ಯಲೇಬೇಕು. ನಾನು ಇಳೀಲಾ?"

"ಬೇಡ."

"ಬಟ್ಟೆಗೆ ತಾಗಿದ್ರೆ..."

"ತಾಗುವುದಿಲ್ಲ."

ಅವನು ಜೇಬಿನಿಂದ ಚೂರಿ ತೆಗೆದ. ಹಮೂದ್ ಹಿಂದೆ ಸರಿದು ಬೆಳಕು ಬಿಟ್ಟ. ಝುಬೈರ್ ಎಡಗೈಯ ಎರಡು ಬೆರಳಿನಿಂದ ಪಟ್ಟಿಯನ್ನು ಬಟ್ಟೆಯಿಂದ ಮೇಲೆತ್ತಿದ. ಅಲಗಿನ ಬಾಯಿ ಮೇಲೆ ಮಾಡಿ, ಬೆರಳ ಸಂದಿನಲ್ಲಿ ತೂರಿಸಿ ಎಳೆದ. ಪಟ್ಟಿ ಸದ್ದಿಲ್ಲದೆ ಬಿಟ್ಟುಕೊಂಡಿತು. ಆಮೇಲೆ ಸೊಂಟದ್ದು. ಆಮೇಲೆ ಕಾಲಿನದು.

ಬಗ್ಗಿ ನೋಡಿದ. ಬಿಳಿಬಟ್ಟೆಯ ಒಂದೆಳೆಗೂ ತಾಗಿರಲಿಲ್ಲ.

"ಯಲ್ಲಾ, ಮೇಲೆ ಬನ್ನಿ," ಎಂದು ಯಾರೋ ಕೈಚಾಚಿದರು. ಆ ಕೈ ಹಿಡಿಯಬೇಕಾದರೆ ಚೂರಿ ಬಿಡಬೇಕಿತ್ತು. ಝುಬೈರ್ ಬಿಡದೆ ನಿಂತೇ ಇದ್ದ. ಮಡಚದ ಬೆರಳುಗಳೆರಡೂ ಅಣ್ಣ ಕೆತ್ತಿದ ಹಳ್ಳದಲ್ಲಿ ಅಲ್ಲಾಡದೆ ಮಲಗಿದ್ದವು.